ಯಾವ ಭಾಷೆ ಕಲಿಯಲಿ, ದೊಡ್ಡಮ್ಮ?

ಭಾಷೆಯ ಆಯ್ಕೆ ಎನ್ನುವುದು ನಮ್ಮಂಥ ಶಾಲಾ ಉಪಾಧ್ಯಾಯಿನಿಯರಿಗೆ ಜೂನ್ ತಿಂಗಳ ಮಾತು. ಎಂಟನೆಯ ತರಗತಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು ಅರ್ಜಿ ತುಂಬುತ್ತಾ ತುಂಬುತ್ತಾ 'ಪ್ರಥಮ ಭಾಷೆ' ಎನ್ನುವ ಗೆರೆಯ ಹತ್ತಿರ ಬಂದು ಪೆನ್ನು ಎತ್ತಿಬಿಡುತ್ತಾರೆ. ಕನ್ನಡವೋ, ಸಂಸ್ಕೃತವೋ? "ಯಾವುದರಲ್ಲಿ ನಂಬರು ಜಾಸ್ತಿ ಬರುತ್ತೆ ಟೀಚರ್?" ಎನ್ನುವುದು ಅವರ ಪ್ರಶ್ನೆ. ಯಾವುದನ್ನು ಕಲಿತರೆ ಮಗುವಿಗೆ ಏನು ತಿಳಿಯುತ್ತದೆ ಎಂದು ಕೇಳಿದವರನ್ನು ನನ್ನ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಬೆರಳು ಮಡಿಸಿ ಎಣಿಸಬಹುದು. ಅವರನ್ನು ನಾನು ದೂರುವುದಿಲ್ಲ. ಭಾಷೆಯನ್ನು ಅನ್ನದ ದಾರಿಯಾಗಿ ನೋಡುವವರಿಗೆ ಅನ್ನದ ಚಿಂತೆ ಇದ್ದೇ ಇರುತ್ತದೆ.

ಆದರೆ ಅಡಿಕೆ ತೋಟದ ನಡುವಿನ ಮನೆಯಲ್ಲಿ ಬೆಳೆದ ನನ್ನ ತಂಗಿಯ ಮಗಳು, "ದೊಡ್ಡಮ್ಮ, ನಾನು ಯಾವ ಭಾಷೆ ಕಲಿಯಲಿ?" ಎಂದು ಕೇಳಿದಾಗ ಅದು ಕನ್ನಡ, ಸಂಸ್ಕೃತ, ಇಂಗ್ಲಿಷುಗಳ ಮಾತಾಗಿರಲಿಲ್ಲ. ಅವಳು ಒಂದೇ ಉಸಿರಿನಲ್ಲಿ ಹೇಳಿದ ಹೆಸರುಗಳು ಇವು: ಜಾವಾಸ್ಕ್ರಿಪ್ಟ್, ಪಿ.ಎಚ್.ಪಿ., ಪೈಥಾನ್, ಜಾವಾ, ರೂಬಿ. ಒಂದು ಹಾವು, ಒಂದು ರತ್ನ, ಒಂದು ಕಾಫಿ ಬೆಳೆಯುವ ದ್ವೀಪ! ಹಳೆಯ ಕಾಲದ ಬಿ.ಎ., ಬಿ.ಎಡ್. ಆದ ನನಗೆ ಇದು ಯಾವುದೋ ನಿಘಂಟಿನಿಂದ ಹರಿದ ಹಾಳೆಯಂತೆ ಕೇಳಿಸಿತು.

ಅವಳು ಬಿ.ಎಸ್ಸಿ. ಮುಗಿಸಿದ್ದು ೨೦೨೩ರಲ್ಲಿ. ಹಿಂದಿನ ವರ್ಷದ ಮಳೆಗಾಲದಲ್ಲಿ ನಮ್ಮ ಮಲೆನಾಡಿನ ತೋಟಗಳಿಗೆ ಎಲೆಚುಕ್ಕೆ ರೋಗ ಜೋರಾಗಿ ತಗುಲಿತ್ತು. ಹಸಿರಾಗಿದ್ದ ಸೋಗೆಗಳು ಸುಟ್ಟ ಕಾಗದದ ಹಾಗೆ ಒಣಗಿ ಜೋತುಬಿದ್ದಿದ್ದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ತಂಗಿಯ ಮನೆಯ ಫಸಲು ಅರ್ಧಕ್ಕೂ ಕಡಿಮೆಯಾಗಿತ್ತು. ಔಷಧಿ ಹೊಡೆಸಿದ ಲೆಕ್ಕ ಬೇರೆ. ಅಂಥ ಹೊತ್ತಿನಲ್ಲಿ ಅವಳ ಅಪ್ಪ ಮಗಳಿಗೆ ಒಂದು ಮಾತು ಕೊಟ್ಟಿದ್ದರು. "ಒಂದು ವರ್ಷ. ಅಷ್ಟರಲ್ಲಿ ನಿನ್ನ ಕಾಲ ಮೇಲೆ ನಿಲ್ಲುವ ಹಾಗಿದ್ದರೆ ನಿಲ್ಲು. ಇಲ್ಲದಿದ್ದರೆ ಬಂದ ಸಂಬಂಧ ನೋಡುವುದೇ ಸೈ." ಗದರಿಸಿ ಹೇಳಿದ ಮಾತಲ್ಲ, ಸೋತ ದನಿಯಲ್ಲಿ ಹೇಳಿದ್ದು. ಹೀಗಾಗಿ ಅವಳ ಪ್ರಶ್ನೆಗೆ ಭಾರವಿತ್ತು. ಒಂದು ಭಾಷೆ ಆರಿಸಿಕೊಂಡು ಅದು ಕೈಕೊಟ್ಟರೆ ಮತ್ತೊಂದನ್ನು ಹಿಡಿಯಲು ಅವಳ ಹತ್ತಿರ ಇನ್ನೊಂದು ವರ್ಷ ಇರಲಿಲ್ಲ.

ಬೆಂಗಳೂರಿನ ಒಂದು ತರಬೇತಿ ಕೇಂದ್ರದ ಕರಪತ್ರವನ್ನು ಅವಳು ತಂದು ತೋರಿಸಿದಳು. ಆರು ತಿಂಗಳಲ್ಲಿ ಹದಿನಾಲ್ಕು ವಿಷಯ ಕಲಿಸಿ, ಕೆಲಸ ಕೊಡಿಸುವುದು ಖಾತ್ರಿ ಎಂದು ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಶುಲ್ಕ ತೊಂಬತ್ತು ಸಾವಿರ, ವಸತಿ ಊಟ ಬೇರೆ. ತಂಗಿ ಆಗಲೇ ತನ್ನ ಅವಲಕ್ಕಿ ಸರವನ್ನು ಸೊಸೈಟಿಯಲ್ಲಿ ಅಡವಿಡುವ ಲೆಕ್ಕ ಹಾಕಿದ್ದಳು. ನಾನು ಕೇಳಿದ್ದು ಒಂದೇ. ಆರು ತಿಂಗಳಲ್ಲಿ ಹದಿನಾಲ್ಕು ಎಂದರೆ ಒಂದೊಂದಕ್ಕೆ ಎಷ್ಟು ದಿನ ಬಂತು? ಹದಿಮೂರು ದಿನ. ನಮ್ಮ ಶಾಲೆಯಲ್ಲಿ ಹಳಗನ್ನಡದ ಒಂದು ಪದ್ಯಭಾಗ ಮುಗಿಸಲು ನನಗೆ ಎರಡು ವಾರ ಬೇಕು, ಅದೂ ಮಕ್ಕಳಿಗೆ ಹುಟ್ಟಿನಿಂದ ಬಂದ ಭಾಷೆಯಲ್ಲಿ. "ಸರ ಎಲ್ಲಿಗೂ ಹೋಗುವುದಿಲ್ಲ, ಸ್ವಲ್ಪ ತಡಿ. ಮೊದಲು ಏನು ಬೇಕು ಅಂತ ತಿಳಿಯೋಣ" ಎಂದೆ ತಂಗಿಗೆ.

ತಿಳಿಯುವುದು ಎಂದರೆ ಸುಲಭವೇ? ಅವಳು ನಮ್ಮ ಮನೆಯಲ್ಲಿ ಎರಡು ವಾರ ಉಳಿದಳು. ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತರೆ ಅವಳು ಎದುರಿಗೆ ಕೂತು ಪಾಠ ಹೇಳುತ್ತಿದ್ದಳು. ನನಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ನಿನಗೆ ಅರ್ಥವಾಗಿದೆ ಎಂದು ಲೆಕ್ಕ ಎಂಬುದು ನನ್ನ ಷರತ್ತು.

ಕೊನೆಗೆ ನಮ್ಮಿಬ್ಬರಿಗೂ ದಾರಿ ತೋರಿಸಿದ್ದು ಯಕ್ಷಗಾನ. ಜಾಲತಾಣವೆಂದರೆ ಒಂದು ಆಟ ಎಂದುಕೊಳ್ಳಿ. ನಮ್ಮ ಕಣ್ಣಿಗೆ ಬೀಳುವುದು ಮುಮ್ಮೇಳ. ಯಾವ ಪಾತ್ರ, ಎಲ್ಲಿ ನಿಲ್ಲಬೇಕು ಎಂದು ಬರೆದಿಡುವುದು ಎಚ್.ಟಿ.ಎಂ.ಎಲ್.; ಅದನ್ನು ಪ್ರೋಗ್ರಾಮಿಂಗ್ ಭಾಷೆ ಎನ್ನುವುದಿಲ್ಲವಂತೆ, ಬರೀ ಗುರುತು ಹಾಕುವ ಭಾಷೆ. ಕಿರೀಟ, ಬಣ್ಣ, ವೇಷವೆಲ್ಲ ಸಿ.ಎಸ್.ಎಸ್. ಕುಣಿಸುವುದು, ಮಾತಾಡಿಸುವುದು ಜಾವಾಸ್ಕ್ರಿಪ್ಟ್. ಹಿಂದೆ ಕೂತು ಇಡೀ ಆಟವನ್ನು ನಡೆಸುವ ಹಿಮ್ಮೇಳ ಬೇರೆ ಇದೆ. ನೀವು ಟಿಕೆಟ್ ಕಾದಿರಿಸಿದರೆ ಅದನ್ನು ಬರೆದಿಟ್ಟುಕೊಂಡು, ಹಣ ಸಂದಿತೇ ಎಂದು ನೋಡಿ, ಉತ್ತರ ಕಳಿಸುವುದು ಅದರ ಕೆಲಸ. ಅಲ್ಲಿ ಪಿ.ಎಚ್.ಪಿ., ಪೈಥಾನ್, ಜಾವಾ, ರೂಬಿ, ಯಾರು ಬೇಕಾದರೂ ಭಾಗವತರಾಗಿ ಕೂರಬಹುದು. ಮುಮ್ಮೇಳದಲ್ಲಿ ಮಾತ್ರ ಆಯ್ಕೆಯೇ ಇಲ್ಲ. ಬ್ರೌಸರಿನೊಳಗೆ ನೇರವಾಗಿ ಓಡುವ ಪ್ರೋಗ್ರಾಮಿಂಗ್ ಭಾಷೆ ಹೆಚ್ಚು ಕಡಿಮೆ ಜಾವಾಸ್ಕ್ರಿಪ್ಟ್ ಒಂದೇ. ಅಷ್ಟೇ ಅಲ್ಲ, ೨೦೦೯ರಲ್ಲಿ ರಯಾನ್ ಡಾಲ್ ಎಂಬಾತ ನೋಡ್ ಎನ್ನುವುದನ್ನು ಮಾಡಿದ ಮೇಲೆ ಆ ಮುಮ್ಮೇಳದ ಕಲಾವಿದನೇ ಹಿಂದೆ ಹೋಗಿ ಜಾಗಟೆ ಹಿಡಿದು ಕೂರುವುದೂ ಸುಲಭವಾಯಿತು.

ಈ ಭಾಷೆಗಳ ಹುಟ್ಟಿನ ಕತೆಗಳು ನನಗೆ ಬಹಳ ಹಿಡಿಸಿದವು. ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ ಎಂಬಾತ ೧೯೯೫ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಮಾಡಿದನಂತೆ. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಡಿಸೆಂಬರಿನ ಹೊತ್ತಿಗೆ ಜಾವಾಸ್ಕ್ರಿಪ್ಟ್. ಆಗ ಜಾವಾ ಎಂಬ ಭಾಷೆ ಹೆಸರು ಮಾಡಿತ್ತು, ಅದರ ನೆರಳಿನಲ್ಲಿ ಇದಕ್ಕೂ ನಾಮಕರಣ. ಮಿಕ್ಕಂತೆ ಇವೆರಡಕ್ಕೂ ಬೆಲ್ಲಕ್ಕೂ ಬೆಳ್ಳುಳ್ಳಿಗೂ ಇರುವಷ್ಟೇ ನಂಟು. ಪಿ.ಎಚ್.ಪಿ.ಯನ್ನು ರಾಸ್ಮಸ್ ಲೆರ್ಡಾರ್ಫ್ ಮಾಡಿಕೊಂಡದ್ದು ತನ್ನ ಸ್ವಂತ ಪುಟ ನಡೆಸುವುದಕ್ಕೆ. ಊರಿಗೆಲ್ಲ ಹಂಚಿದ್ದು ಅದೇ ೧೯೯೫ರಲ್ಲಿ. ರೂಬಿಯೂ ಅದೇ ವರ್ಷ ಜಪಾನಿನಲ್ಲಿ ಹೊರಬಂತು. ೧೯೯೧ರಲ್ಲಿ ಬಂದ ಪೈಥಾನಿಗೂ ಹಾವಿಗೂ ಸಂಬಂಧವಿಲ್ಲ. ಅದನ್ನು ಮಾಡಿದ ಗೀಡೊ ವಾನ್ ರೋಸಮ್‌ಗೆ ಇಷ್ಟವಾದ ಮಾಂಟಿ ಪೈಥಾನ್ ಎಂಬ ಇಂಗ್ಲೆಂಡಿನ ಹಾಸ್ಯ ಕಾರ್ಯಕ್ರಮದ ಹೆಸರು ಅದು. ನಾನು ಹೊಸದಾಗಿ ಕೆಲಸಕ್ಕೆ ಸೇರಿ ಸೀಮೆಸುಣ್ಣ ಹಿಡಿದ ಕಾಲದಲ್ಲೇ ಇವೆಲ್ಲ ಹುಟ್ಟಿದವು ಎಂದು ತಿಳಿದಾಗ ಭಯ ಸ್ವಲ್ಪ ಕಡಿಮೆಯಾಯಿತು. ಭಾಷೆಗಳಾದರೇನು, ನನಗಿಂತ ಸಣ್ಣವು ತಾನೇ!

ಆದರೆ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ? ಅವಳನ್ನು ಕಾಡುತ್ತಿದ್ದುದು ಇದು. ನನಗೆ ನಮ್ಮ ಕಾಲದ ಟೈಪಿಂಗ್ ತರಗತಿ ನೆನಪಾಯಿತು. ೧೯೮೮ರಲ್ಲಿ ಪಿ.ಯು.ಸಿ. ಮುಗಿದ ರಜೆಯಲ್ಲಿ ನಾವು ಗೆಳತಿಯರೆಲ್ಲ ಬೆರಳಚ್ಚಿನ ಶಾಲೆಗೆ ಹೋಗುತ್ತಿದ್ದೆವು. ಕನ್ನಡ ಟೈಪಿಂಗೋ, ಇಂಗ್ಲಿಷೋ ಎಂದು ಆಗಲೂ ಇದೇ ಚರ್ಚೆ. ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದವರಿಗೆ ಕಚೇರಿಗಳ ಬಾಗಿಲು ತೆರೆಯುತ್ತಿತ್ತು. ಹತ್ತು ಹನ್ನೆರಡು ವರ್ಷದಲ್ಲಿ ಯಂತ್ರಗಳೇ ಮೂಲೆ ಸೇರಿದವು. ಕಂಪ್ಯೂಟರ್ ಬಂತು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಬಂತು, ಬರಹ, ನುಡಿ ಬಂದವು. ಹಳೆಯ ಯಂತ್ರದ ಕನ್ನಡ ಕೀಲಿಗಳ ಜಾಗ ಬೆರಳಿಗೆ ಬಾಯಿಪಾಠವಾಗಿದ್ದವರು ಮತ್ತೆ ಅ ಆ ಇ ಈಯಿಂದ ಶುರುಮಾಡಬೇಕಾಯಿತು. ಕೆಲವರು ಅಲ್ಲೇ ಕೈಚೆಲ್ಲಿದರು. ಪತ್ರವೊಂದರ ತಲೆ ಬುಡ ತಿಳಿದವರು, ಅಧಿಕಾರಿ ಅರೆಬರೆ ಹೇಳಿದ್ದನ್ನು ಪೂರ್ತಿ ವಾಕ್ಯ ಮಾಡಬಲ್ಲವರು ಮಾತ್ರ ಒಂದು ತಿಂಗಳಲ್ಲಿ ಹೊಸ ಕೀಲಿಮಣೆಯನ್ನೂ ಪಳಗಿಸಿಕೊಂಡರು. ಬೆರಳು ಕಲಿತದ್ದು ಹೋಯಿತು, ತಲೆ ಕಲಿತದ್ದು ಉಳಿಯಿತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿಸಿದೆ. ಅವನ ಅನುಭವ ಕೇಳಬೇಕಾದದ್ದೇ. ಅವನು ಮೊದಲು ಕಲಿತದ್ದು ಫ್ಲಾಶ್. ೨೦೦೫ರ ಹೊತ್ತಿಗೆ ಜಾಲತಾಣಗಳಲ್ಲಿ ಕುಣಿಯುವ ಚಿತ್ರಗಳೆಂದರೆ ಫ್ಲಾಶ್ ಎನ್ನುವಂತಿತ್ತು. ೨೦೧೦ರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ತಮ್ಮ ಫೋನುಗಳಲ್ಲಿ ಅದಕ್ಕೆ ಯಾಕೆ ಜಾಗವಿಲ್ಲ ಎಂದು ಬಹಿರಂಗ ಪತ್ರವನ್ನೇ ಬರೆದರು. ೨೦೨೦ರ ಡಿಸೆಂಬರ್ ೩೧ಕ್ಕೆ ಅಡೋಬ್ ಕಂಪನಿ ತಾನೇ ಅದರ ಪೋಷಣೆ ನಿಲ್ಲಿಸಿತು. "ಹಾಗಾದರೆ ನೀನು ಏನು ಮಾಡಿದೆಯಪ್ಪ?" ಎಂದು ಕೇಳಿದೆ. "ಅದೃಷ್ಟ ಟೀಚರ್. ಫ್ಲಾಶಿನೊಳಗಿನ ಆ್ಯಕ್ಷನ್‌ಸ್ಕ್ರಿಪ್ಟ್ ಎಂಬ ಭಾಷೆಯೂ ಜಾವಾಸ್ಕ್ರಿಪ್ಟೂ ಒಂದೇ ವ್ಯಾಕರಣದ ದಾಯಾದಿಗಳು. ವ್ಯಾಕರಣ ಸರಿಯಾಗಿ ಕಲಿತಿದ್ದೆ, ಮೂರು ತಿಂಗಳಲ್ಲಿ ಇತ್ತ ದಾಟಿದೆ. ಬರೀ ಚಿತ್ರ ಎಳೆದಾಡಿಸುವುದನ್ನು ಕಲಿತ ನನ್ನ ಗೆಳೆಯರು ಬೇರೆ ಕೆಲಸ ಹುಡುಕಿಕೊಂಡರು" ಎಂದ. ವ್ಯಾಕರಣ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಕೇಳಿ ನನಗೆ ಆದ ಸಂತೋಷ ಹೇಳತೀರದು. ಹತ್ತನೆಯ ತರಗತಿಯಲ್ಲಿ ಸಂಧಿ ಸಮಾಸ ಎಂದರೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಅವನು.

ಅವನಿಂದ ಇನ್ನೂ ಕೆಲವು ಸಂಗತಿ ತಿಳಿದವು. ಜಾವಾ ಕಲಿತವರಿಗೆ ದೊಡ್ಡ ಕಂಪನಿ, ಬ್ಯಾಂಕುಗಳ ಕೆಲಸ ಸಿಗುತ್ತದೆ, ಆದರೆ ಅಂಥಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ಎಂಜಿನಿಯರಿಂಗ್ ಪದವಿ ಕೇಳುವವರೇ ಹೆಚ್ಚು. ಪೈಥಾನ್ ಓದಲು ಸುಲಭ, ಅಂಕಿ ಅಂಶದ ಕೆಲಸಕ್ಕೂ ಕೃತಕ ಬುದ್ಧಿಮತ್ತೆಗೂ ಅದೇ ಬೇಕು, ಜಾಲತಾಣದ ಹಿಮ್ಮೇಳಕ್ಕೂ ಆಗುತ್ತದೆ. ಪಿ.ಎಚ್.ಪಿ.ಯನ್ನು ಹಳತಾಯಿತು, ಸತ್ತಿತು ಎಂದು ಹುಡುಗರು ನಗುತ್ತಾರಂತೆ. ಆದರೆ ೨೦೦೩ರಲ್ಲಿ ಬಂದ ವರ್ಡ್‌ಪ್ರೆಸ್ ನಿಂತಿರುವುದು ಅದರ ಮೇಲೆ, ಜಗತ್ತಿನ ಜಾಲತಾಣಗಳಲ್ಲಿ ಹತ್ತರಲ್ಲಿ ನಾಲ್ಕರಷ್ಟು ವರ್ಡ್‌ಪ್ರೆಸ್‌ನವು. ನಮ್ಮ ಕನ್ನಡ ವಿಕಿಪೀಡಿಯವೂ ಪಿ.ಎಚ್.ಪಿ.ಯಲ್ಲಿ ಬರೆದ ತಂತ್ರಾಂಶದ ಮೇಲೆಯೇ ನಡೆಯುತ್ತದೆ. ಹೋಮ್‌ಸ್ಟೇ, ಅಂಗಡಿ, ಸಹಕಾರ ಸಂಘಗಳಿಗೆ ಸಣ್ಣ ತಾಣ ಮಾಡಿಕೊಡುವವರು ಊರಿನಲ್ಲೇ ಕೂತು ಇದರಿಂದ ಜೀವನ ಮಾಡಬಹುದು. ಸತ್ತಿತು ಎನ್ನುವ ಮಾತಿಗೆ ಅವಸರ ಬೇಡ ನೋಡಿ. ೧೯೬೦ರ ಸುಮಾರಿಗೆ ಬಂದ ಕೋಬಾಲ್ ಎಂಬ ಭಾಷೆ ಇಂದಿಗೂ ಎಷ್ಟೋ ಬ್ಯಾಂಕುಗಳ ಲೆಕ್ಕ ಬರೆಯುತ್ತಿದೆ.

ಹಾಗಾಗಿ ಭಾಷೆಯ ಆಯ್ಕೆ ಎಂದರೆ ಬರೀ ಭಾಷೆಯ ಆಯ್ಕೆಯಲ್ಲ ಎಂದು ನಮಗೆ ತಿಳಿಯಿತು. ಎಲ್ಲಿ ಬದುಕುತ್ತೀ, ಯಾರ ಹತ್ತಿರ ದುಡಿಯುತ್ತೀ, ಎಷ್ಟು ದಿನ ಕಾಯುತ್ತೀ ಎಂಬುದರ ಆಯ್ಕೆ ಅದು.

ಭಾನುವಾರ ಮಗಳನ್ನು ಕರೆದೊಯ್ಯಲು ಬಂದ ಅವರಪ್ಪ ನಮ್ಮ ಈ ಪುರಾಣವನ್ನೆಲ್ಲ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೇಳಿದರು. "ಅಲ್ಲ ಅತ್ತಿಗೆ, ಈಗ ಯಂತ್ರವೇ ಎಲ್ಲ ಬರೆಯುತ್ತದಂತಲ್ಲ. ಇವಳು ಕಲಿತು ಏನು ಮಾಡಬೇಕು?" ಎಂದರು. ೨೦೨೨ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ಹಳ್ಳಿಯ ಜಗಲಿಗೂ ಬಂದಿತ್ತು. ಕೇಳತಕ್ಕ ಪ್ರಶ್ನೆಯೇ. ನಾನೆಂದೆ, ನಮ್ಮ ಮಕ್ಕಳು ಗೈಡು ನೋಡಿ ಬರೆದ ಉತ್ತರ ಎಷ್ಟು ಚೆಂದ ಇರುತ್ತದೆ! ಒಂದು ಅಕ್ಷರ ತಪ್ಪಿರುವುದಿಲ್ಲ. ಆದರೆ ಗೈಡಿನಲ್ಲೇ ತಪ್ಪು ಅಚ್ಚಾಗಿದ್ದರೆ ಅದನ್ನು ಕಂಡುಹಿಡಿಯಲು ಪಾಠ ಓದಿದವರೇ ಬೇಕಲ್ಲ. ಯಂತ್ರ ಬರೆದದ್ದು ಸರಿಯೇ ಎಂದು ಹೇಳಲಾರದವಳಿಗೆ ಯಾರೂ ಸಂಬಳ ಕೊಡುವುದಿಲ್ಲ, ಹೇಳಬಲ್ಲವಳಿಗೆ ಕೊಡುತ್ತಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತೋಟದ ಹಾಗೆ ಮಾಡು. ಅಡಿಕೆ ಒಂದನ್ನು ಗಟ್ಟಿ ಹಿಡಿ. ಅದರ ಮೈಗೆ ಮೆಣಸಿನ ಬಳ್ಳಿ ಹಬ್ಬಿಸು, ನಡುವೆ ಬಾಳೆ ಇಡು. ಬರೀ ಅಡಿಕೆ ನಂಬಿದ್ದಕ್ಕೆ ಏನಾಯಿತು ನೋಡಿದೆಯಲ್ಲ. ಅಡಿಕೆಯೇ ಇಲ್ಲದೆ ಮೆಣಸು ಹಬ್ಬಿಸುತ್ತೇನೆ ಅಂದರೂ ಆಗುವುದಿಲ್ಲ" ಎಂದರು. ಹದಿನಾಲ್ಕು ವಿಷಯದ ಕರಪತ್ರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದಿರಲಿಲ್ಲ.

ಅವಳು ಜಾವಾಸ್ಕ್ರಿಪ್ಟನ್ನು ಅಡಿಕೆ ಮಾಡಿಕೊಂಡಳು. ಮುಮ್ಮೇಳಕ್ಕೆ ಅದು ಬೇಕೇ ಬೇಕು, ಹಿಮ್ಮೇಳಕ್ಕೂ ಸಲ್ಲುತ್ತದೆ, ಕಲಿಯಲು ಬ್ರೌಸರ್ ಒಂದಿದ್ದರೆ ಸಾಕು, ಖರ್ಚಿಲ್ಲ. ಸರ ಅಡವಿಡಲಿಲ್ಲ. ಹಳೆಯದೊಂದು ಲ್ಯಾಪ್‌ಟಾಪನ್ನು ನಾನು ಕೊಡಿಸಿದೆ. ಸಿಗ್ನಲ್ ಸಿಗುವ ಗುಡ್ಡದ ಮೇಲಿನ ದಣಪೆಯ ಹತ್ತಿರ ಕೂತು ಪಾಠಗಳನ್ನು ಇಳಿಸಿಕೊಂಡು ಬಂದು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು.

ಅವಳು ಮೊದಲು ಮಾಡಿದ್ದು ಅಪ್ಪನ ಕೂಲಿ ಲೆಕ್ಕದ ಪುಟ. ದಸರಾ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಅದರ ಪ್ರದರ್ಶನ ನಡೆಯಿತು. ಅಪ್ಪ ಕನ್ನಡಕ ಹಾಕಿಕೊಂಡು ಬಂದು ಕೂತರು. ಗಂಡಾಳು ಒಬ್ಬ, ೫೦೦. ಹೆಣ್ಣಾಳು ಒಬ್ಬಳು, ೪೦೦. ಒಟ್ಟು ಎಂದು ಒತ್ತಿದರೆ ಪರದೆಯ ಮೇಲೆ ಬಂದದ್ದು ೫೦೦೪೦೦! "ಒಂದು ದಿನಕ್ಕೆ ಐದು ಲಕ್ಷದ ನಾನೂರು ಕೂಲಿಯೇ? ತೋಟ ಅವರಿಗೇ ಬರೆದುಕೊಟ್ಟುಬಿಡೋಣ ಮಾರಾಯ್ತಿ" ಎಂದು ಅಪ್ಪ ನಕ್ಕರು. ಹುಡುಗಿಯ ಮುಖ ಕಪ್ಪಿಟ್ಟಿತು. ನನಗೆ ಮಾತ್ರ ಥಟ್ಟನೆ ಹೊಳೆಯಿತು. ಇದು ಸಂಕಲನ ಮಾಡು ಎಂದರೆ ಸಂಧಿ ಮಾಡಿದೆ! ಅವಳೂ ಕಂಡುಕೊಂಡಳು. ಪೆಟ್ಟಿಗೆಯಲ್ಲಿ ಬರೆದ ಅಂಕಿಯನ್ನು ಆ ಭಾಷೆ ಸಂಖ್ಯೆ ಎಂದು ತಿಳಿಯದೆ ಪದ ಎಂದು ತಿಳಿದಿತ್ತು, ಪದಕ್ಕೆ ಪದ ಜೋಡಿಸಿತ್ತು. ಪದವನ್ನೂ ಸಂಖ್ಯೆಯನ್ನೂ ಕೂಡಿಸಹೊರಟರೆ ಪೈಥಾನ್ ತಪ್ಪೆಂದು ನಿಂತುಬಿಡುತ್ತದೆ; ಪಿ.ಎಚ್.ಪಿ.ಯಲ್ಲಿ ಕೂಡುವುದಕ್ಕೆ ಒಂದು ಚಿಹ್ನೆ, ಜೋಡಿಸುವುದಕ್ಕೆ ಇನ್ನೊಂದು. ಜಾವಾಸ್ಕ್ರಿಪ್ಟ್ ಮಾತ್ರ ಮಾತಾಡದೆ ಜೋಡಿಸಿ ಕೈಗಿಡುತ್ತದೆ. ಒಂದೊಂದು ಭಾಷೆಗೆ ಒಂದೊಂದು ಜಾಯಮಾನ. ಇದು ಸಂಖ್ಯೆ ಎಂದು ಮೊದಲೇ ತಿಳಿಸಿ ಹೇಳಿದ ಮೇಲೆ ೯೦೦ ಬಂತು. ಅಪ್ಪ ತಮ್ಮ ಪುಸ್ತಕದ ಒಂದು ವಾರದ ಲೆಕ್ಕವನ್ನೆಲ್ಲ ಹಾಕಿಸಿ, ಬಾಯಲ್ಲಿ ಕೂಡಿ, ತಾಳೆ ನೋಡಿದರು. ಎಲ್ಲ ಸರಿಹೋಯಿತು. ಆಗ ಅವಳು ಮೆಲ್ಲಗೆ, "ಅಪ್ಪಾ, ಕೂಡುವ ಲೆಕ್ಕ ನಾನು ಸರಿಮಾಡಿದೆ. ಈ ಐನೂರು ನಾನೂರರ ಲೆಕ್ಕ ನೀವೇ ಸರಿಮಾಡಬೇಕು" ಎಂದಳು. ಅಪ್ಪ ಉತ್ತರ ಹೇಳದೆ ಪುಸ್ತಕ ಮಡಿಸಿದರು. ಆದರೆ ಆ ದಿನದಿಂದ ಸಂಬಂಧದ ಮಾತು ಆ ಮನೆಯಲ್ಲಿ ಎದ್ದಿಲ್ಲ.

ಕೊಟ್ಟ ವರ್ಷದ ಹನ್ನೊಂದನೆಯ ತಿಂಗಳಿನಲ್ಲಿ ಶಿವಮೊಗ್ಗದ ಒಂದು ಸಣ್ಣ ಕಂಪನಿ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಎಂಟು ಜನರ ಕಚೇರಿ. ಸಂಬಳ ಊರಿನವರಿಗೆ ಹೇಳಿಕೊಳ್ಳುವಂಥದ್ದಲ್ಲ, ಪಿ.ಜಿ. ಬಾಡಿಗೆ ಕಳೆದು ಸ್ವಲ್ಪ ಉಳಿಯುತ್ತದೆ. ತಮಾಷೆಯೆಂದರೆ ಸೇರಿದ ದಿನವೇ ಅವಳ ಕೈಗೆ ಕೊಟ್ಟದ್ದು ಹತ್ತು ವರ್ಷ ಹಳೆಯ ಪಿ.ಎಚ್.ಪಿ. ತಾಣ! ರಾತ್ರಿ ಫೋನು ಮಾಡಿ ಅಳುವುದೊಂದು ಬಾಕಿ. "ಹನ್ನೊಂದು ತಿಂಗಳು ಕಲಿತದ್ದು ಒಂದು, ಇಲ್ಲಿ ಇರುವುದು ಇನ್ನೊಂದು ದೊಡ್ಡಮ್ಮ." ನಾನು ಸಮಾಧಾನ ಹೇಳುವ ಅಗತ್ಯ ಹೆಚ್ಚು ದಿನ ಬೀಳಲಿಲ್ಲ. ಮೂರನೆಯ ವಾರ ಅವಳೇ ಹೇಳಿದಳು. ಷರತ್ತು ಹಾಕುವುದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು, ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಹೆಸರಿಡುವುದು, ಎಲ್ಲ ಅಲ್ಲೂ ಇದೆಯಂತೆ. ಕರ್ತೃ, ಕರ್ಮ, ಕ್ರಿಯಾಪದ ತಿಳಿದವರಿಗೆ ಇನ್ನೊಂದು ನುಡಿ ಎಂದರೆ ಹೊಸ ಪದಗಳು, ಹೊಸ ಪ್ರತ್ಯಯಗಳು, ಅಷ್ಟೆ. ಒಂದನ್ನೂ ಗಟ್ಟಿಯಾಗಿ ಕಲಿಯದವರಿಗೆ ಎಲ್ಲವೂ ಪರಭಾಷೆ. ಈಗ ಅವಳು ಎರಡರಲ್ಲೂ ಕೆಲಸ ಮಾಡುತ್ತಾಳೆ. ಜಾವಾಸ್ಕ್ರಿಪ್ಟಿಗೆ ಶಿಸ್ತು ಕಲಿಸಲು ೨೦೧೨ರಲ್ಲಿ ಬಂದ ಟೈಪ್‌ಸ್ಕ್ರಿಪ್ಟ್ ಎಂಬುದನ್ನೂ ಹಿಡಿದಿದ್ದಾಳೆ. ಇದು ಸಂಖ್ಯೆ, ಇದು ಪದ ಎಂದು ಅದರಲ್ಲಿ ಮೊದಲೇ ಬರೆದಿಡಬಹುದಂತೆ. ಐದು ಲಕ್ಷದ ನಾನೂರರ ಪಾಠ ಅವಳು ಮರೆತಿಲ್ಲ.

ಈ ಸುದ್ದಿ ಹರಡಿ ನನಗೆ ಈಗ ಇಲ್ಲದ ಪಾಂಡಿತ್ಯ ಬಂದಿದೆ. ಡಿಗ್ರಿ ಮುಗಿಸಿದ ಹಳೆಯ ವಿದ್ಯಾರ್ಥಿಗಳು ಮನೆ ಹುಡುಕಿಕೊಂಡು ಬಂದು, "ಯಾವ ಭಾಷೆ ಕಲಿಯಲಿ ಟೀಚರ್?" ಎನ್ನುತ್ತಾರೆ. ನಾನು ಯಾವ ಭಾಷೆಯ ಹೆಸರನ್ನೂ ಹೇಳುವುದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ. ನಿನಗೆ ಎಲ್ಲಿ ಬದುಕಬೇಕು, ಊರಲ್ಲೋ, ಪಟ್ಟಣದಲ್ಲೋ? ನಿನ್ನ ಕೈಯಿಂದ ಏನು ಮಾಡಿ ನೋಡುವ ಆಸೆ ಇದೆ? ಮನೆಯವರು ಎಷ್ಟು ದಿನ ಕಾಯಬಲ್ಲರು?

ಮೊದಲನೆಯದಕ್ಕೆ ಎಲ್ಲರೂ ಚಟ್ಟನೆ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತಾರೆ. ಮೂರನೆಯದಕ್ಕೆ ಮಾತ್ರ ಹೆಚ್ಚಿನವರು, "ಅದನ್ನು ಮನೆಯಲ್ಲಿ ಕೇಳಿಯೇ ಇಲ್ಲ ಟೀಚರ್" ಎಂದು ತಲೆ ತಗ್ಗಿಸುತ್ತಾರೆ. ಮೊದಲು ಹೋಗಿ ಅದನ್ನು ಕೇಳಿಕೊಂಡು ಬನ್ನಿ, ಉಳಿದದ್ದನ್ನು ಆಮೇಲೆ ನೋಡೋಣ ಎಂದು ಕಾಫಿ ಕೊಟ್ಟು ಕಳಿಸುತ್ತೇನೆ.